ನಿಮಗಿದು ಗೊತ್ತೆ? ಏಣಿಯ ಜಾಡು ಹಿಡಿದ ಮರದ ವಿಜ್ಞಾನಿ

ಅಪರಾಧ ಪತ್ತೆ ಬರೀ ಪೊಲೀಸರ ಕೆಲಸವಲ್ಲ. 1932ರ ಮಾರ್ಚ್ 1ರ ರಾತ್ರಿ ಅಮೆರಿಕದ ನ್ಯೂಜೆರ್ಸಿಯಲ್ಲಿ ವಿಮಾನ ಸಾಹಸಿ ಚಾರ್ಲ್ಸ್ ಲಿಂಡ್‌ಬರ್ಗ್ ಅವರ 20 ತಿಂಗಳ ಮಗುವಿನ ಅಪಹರಣವಾಯಿತು. ಅಂಗಳದಲ್ಲಿ ಸಿಕ್ಕಿದ್ದು ಕೈಯಲ್ಲೇ ಮಾಡಿದ ಮರದ ಏಣಿ. ಮೇ ತಿಂಗಳಲ್ಲಿ ಆ ಕಂದನ ಶವ ಪತ್ತೆಯಾಯಿತು.

ಏಣಿಯನ್ನು ಬಿಚ್ಚಿ ನೋಡಿದವರು ಸರ್ಕಾರಿ ಅರಣ್ಯ ಉತ್ಪನ್ನ ಪ್ರಯೋಗಾಲಯದ ಮರ ತಜ್ಞ ಆರ್ಥರ್ ಕೋಹ್ಲರ್. ಹಲಗೆಯನ್ನು ನಯಗೊಳಿಸಿದ ಯಂತ್ರದ ಅಲಗುಗಳು ಬಿಟ್ಟ ಸಣ್ಣ ಗೆರೆಗಳನ್ನೇ ಅವರು ಅಳೆದರು. ಯಂತ್ರದಲ್ಲಿ ಎಷ್ಟು ಅಲಗುಗಳಿದ್ದವು, ಹಲಗೆ ಎಷ್ಟು ವೇಗದಲ್ಲಿ ಸಾಗಿತ್ತು ಎಂಬುದನ್ನೂ ಲೆಕ್ಕ ಹಾಕಿದರು. ಒಂದೂವರೆ ಸಾವಿರಕ್ಕೂ ಹೆಚ್ಚು ಸಾಮಿಲ್‌ಗಳಿಗೆ ಪತ್ರ ಹೋಯಿತು. ದಕ್ಷಿಣ ಕೆರೊಲಿನಾದ ಒಂದು ಮಿಲ್‌ನಿಂದ ಹೊರಟ ಜಾಡು ನ್ಯೂಯಾರ್ಕ್‌ನ ಬ್ರಾಂಕ್ಸ್‌ನ ಟಿಂಬರ್ ಡಿಪೊಗೆ ಬಂದು ನಿಂತಿತು. ಎಂಥ ತಾಳ್ಮೆ!

ಆರೋಪಿಯನ್ನು ಹಿಡಿದುಕೊಟ್ಟದ್ದು ಮಾತ್ರ ಒಬ್ಬ ಪೆಟ್ರೋಲ್ ಬಂಕ್ ನೌಕರ. 1934ರಲ್ಲಿ ಗಿರಾಕಿ ಕೊಟ್ಟ 10 ಡಾಲರ್ ನೋಟಿನ ಮೇಲೆ ಆತ ಕಾರಿನ ನಂಬರ್ ಬರೆದಿಟ್ಟಿದ್ದ. ಅದು ಮಗುವನ್ನು ಬಿಡಿಸಲು ಕೊಟ್ಟಿದ್ದ ಒತ್ತೆಹಣದ ನೋಟು. ಹೀಗೆ ಸಿಕ್ಕಿಬಿದ್ದವನು ಬಡಗಿ ಬ್ರೂನೊ ಹಾಪ್ಟ್‌ಮನ್. ಅವನು ಹಿಂದೆ ಅದೇ ಡಿಪೊದಲ್ಲಿ ದುಡಿದಿದ್ದ, ಮರವನ್ನೂ ಕೊಂಡಿದ್ದ. ಏಣಿಯ ಒಂದು ಪಟ್ಟಿಯಲ್ಲಿದ್ದ ನಾಲ್ಕು ಮೊಳೆತೂತುಗಳು ಅವನ ಮನೆಯ ಅಟ್ಟದ ತೊಲೆಗಳ ತೂತುಗಳಿಗೆ ಸರಿಯಾಗಿ ಕೂತವು.

ಮರದ ತಜ್ಞರನ್ನು ಸಾಕ್ಷಿಯಾಗಿ ಒಪ್ಪಬಾರದೆಂದು ಪ್ರತಿವಾದಿ ವಕೀಲರು ತಕರಾರು ತೆಗೆದರೂ ನ್ಯಾಯಾಧೀಶರು ಒಪ್ಪಲಿಲ್ಲ. 1936ರ ಏಪ್ರಿಲ್ 3ರಂದು ಹಾಪ್ಟ್‌ಮನ್‌ಗೆ ಮರಣದಂಡನೆ ಜಾರಿಯಾಯಿತು. ಆ ತೀರ್ಪಿನ ಬಗ್ಗೆ ಚರ್ಚೆ ಇಂದಿಗೂ ನಿಂತಿಲ್ಲ.

ನಮ್ಮಲ್ಲೂ ತಜ್ಞರ ಅಭಿಪ್ರಾಯಕ್ಕೆ ಕಾನೂನಿನ ಮಾನ್ಯತೆ ಇದೆ: ಭಾರತೀಯ ಸಾಕ್ಷ್ಯ ಅಧಿನಿಯಮದ 39ನೇ ಕಲಂ ನೋಡಿ.