ದೂರದ ವಿಮಾನ, ಒಳಗಿನ ಗಡಿಯಾರ

ಲಿಂಗದಹಳ್ಳಿಯಲ್ಲಾಗಲಿ, ತರೀಕೆರೆ, ಕಡೂರು, ಅಜ್ಜಂಪುರದ ಊರುಗಳಲ್ಲಾಗಲಿ ಬೀರುವಿನೊಳಗೆ ಪಾಸ್‌ಪೋರ್ಟ್ ಇಟ್ಟುಕೊಂಡಿರುವ ಮನೆಗಳು ಈಗ ಅಪರೂಪವಲ್ಲ. ಅಡಿಕೆ ಕೊಯ್ಲು ಮುಗಿಸಿ ಮಗನ ಮನೆಗೆ ಹೊರಡುವ ಅಪ್ಪ, ಮಗಳ ಬಾಣಂತನಕ್ಕೆಂದು ಮೆಂತ್ಯದ ಪುಡಿ ಕಟ್ಟಿಕೊಂಡು ಹೊರಡುವ ಅಮ್ಮ, ರಜೆಗೆ ಊರಿಗೆ ಬಂದು ಹಗಲೆಲ್ಲ ತೂಕಡಿಸುವ ಮೊಮ್ಮಕ್ಕಳು: ಈ ಅಧ್ಯಾಯ ಇವರಿಗಾಗಿ. ಇವರೆಲ್ಲ ಕೇಳುವುದು ಎರಡೇ ಪ್ರಶ್ನೆ. ಯಾವ ವಿಮಾನ ಹತ್ತಬೇಕು? ಅಲ್ಲಿ ಹೋದ ಮೇಲೆ ನಿದ್ದೆ ಕೆಡುತ್ತದಂತೆ, ಏನು ಮಾಡಬೇಕು? ಮೊದಲನೆಯದನ್ನು ಬೇಗ ಮುಗಿಸೋಣ. ಎರಡನೆಯದರಲ್ಲಿ ಬಹಳ ಚೆಂದದ ವಿಜ್ಞಾನವಿದೆ, ಅಲ್ಲಿ ನಿಧಾನವಾಗಿ ನಡೆಯೋಣ.

ಯಾವ ವಿಮಾನ?

ಎಲ್ಲೂ ಇಳಿಯದೆ 16 ಗಂಟೆಗೂ ಹೆಚ್ಚು ಹೊತ್ತು ಹಾರುವುದನ್ನು ಸಾಮಾನ್ಯವಾಗಿ ಅತಿದೂರದ ಹಾರಾಟ ಎನ್ನುತ್ತಾರೆ. ಸಿಂಗಪುರದಿಂದ ನ್ಯೂಯಾರ್ಕ್‌ಗೆ ಹೋಗುವ ವಿಮಾನ ಸುಮಾರು 15,300 ಕಿ.ಮೀ. ದೂರವನ್ನು 18 ಗಂಟೆಗೂ ಮೀರಿ ಹಾರುತ್ತದೆ. ನಮ್ಮ ಬೆಂಗಳೂರು ಈ ಸಾಲಿಗೆ ಸೇರಿದ್ದು 2021ರ ಜನವರಿಯಲ್ಲಿ. ಕ್ಯಾಪ್ಟನ್ ಜೋಯಾ ಅಗರ್ವಾಲ್ ಮತ್ತು ಅವರ ಜೊತೆಯ ಮಹಿಳಾ ಪೈಲಟ್‌ಗಳು ಏರ್ ಇಂಡಿಯಾದ ಬೋಯಿಂಗ್ 777 ವಿಮಾನವನ್ನು ಸ್ಯಾನ್ ಫ್ರಾನ್ಸಿಸ್ಕೊದಿಂದ ಉತ್ತರ ಧ್ರುವದ ಮೇಲೆ ಹಾರಿಸಿಕೊಂಡು ಬಂದು, ಸುಮಾರು 17 ಗಂಟೆಗಳ ನಂತರ ಬೆಂಗಳೂರಿನಲ್ಲಿ ಇಳಿಸಿದರು. ಗೋಡೆಯ ಭೂಪಟ ನೋಡಿದವರಿಗೆ ಇದು ಸುತ್ತುದಾರಿ ಎನ್ನಿಸುತ್ತದೆ. ಗೋಳದ ಮೇಲೆ ದಾರ ಎಳೆದು ಹಿಡಿದು ನೋಡಿ, ಹತ್ತಿರದ ದಾರಿ ಉತ್ತರದ ಹಿಮದ ಕಡೆಗೇ ಹೋಗುತ್ತದೆ.

ಇಂಥ ಸೇವೆಗಳು ಒಮ್ಮೆ ಶುರುವಾದರೆ ಸದಾ ಇರುತ್ತವೆ ಎಂದು ನಂಬಬೇಡಿ. ಬೆಂಗಳೂರು–ಸ್ಯಾನ್ ಫ್ರಾನ್ಸಿಸ್ಕೊ ಸೇವೆಯೇ 2022ರಲ್ಲಿ ನಿಂತು, ಅದೇ ವರ್ಷದ ಡಿಸೆಂಬರ್‌ನಲ್ಲಿ ಮತ್ತೆ ಶುರುವಾಯಿತು. ಕೊನೆಯ ಗಂಟೆಗೆ ಬೇಕಾದ ಇಂಧನವನ್ನೂ ಮೊದಲ ಗಂಟೆಯಿಂದಲೇ ಹೊರಬೇಕು, ಆ ಭಾರ ಹೊರಲು ಇನ್ನಷ್ಟು ಇಂಧನ ಉರಿಸಬೇಕು. ಹಾಗಾಗಿ ದಾರಿ ಉದ್ದವಾದಷ್ಟೂ ಖರ್ಚು ಏರುತ್ತದೆ. ಯಾವುದಾದರೂ ದೇಶ ತನ್ನ ಆಕಾಶ ಮುಚ್ಚಿದರೆ ದಾರಿ ಇನ್ನೂ ಉದ್ದವಾಗುತ್ತದೆ. ಟಿಕೆಟ್ ಕೊಳ್ಳುವ ಮೊದಲು ಆ ತಿಂಗಳ ವೇಳಾಪಟ್ಟಿ ನೋಡಿಯೇ ತೀರ್ಮಾನಿಸಿ.

ಪ್ರಯಾಣದ ಲೆಕ್ಕ ಮನೆ ಬಾಗಿಲಿನಿಂದ ಶುರುವಾಗಲಿ. ಲಿಂಗದಹಳ್ಳಿಯಿಂದ ತರೀಕೆರೆ, ಬೀರೂರು, ಕಡೂರು, ತುಮಕೂರು ಹಾದು ದೇವನಹಳ್ಳಿ ಮುಟ್ಟುವಷ್ಟರಲ್ಲಿ ಅರ್ಧ ದಿನ ಕಳೆದಿರುತ್ತದೆ. ಹೊರದೇಶದ ಹಲವು ವಿಮಾನಗಳು ಹೊರಡುವುದು ನಡುರಾತ್ರಿ ಕಳೆದ ಮೇಲೆ. ಅಂದರೆ ವಿಮಾನ ಹತ್ತುವ ಮೊದಲೇ ಒಂದು ರಾತ್ರಿಯ ನಿದ್ದೆ ಹೋಯಿತು. ಇಂಗ್ಲಿಷ್, ಹಿಂದಿ ಬಾರದ, ಒಬ್ಬರೇ ಹೊರಟ ಹಿರಿಯರಿಗೆ ನೇರ ವಿಮಾನವೇ ಒಳ್ಳೆಯದು. ಪರದೇಶದ ನಿಲ್ದಾಣದಲ್ಲಿ ಗೇಟು ಹುಡುಕುವ ಆತಂಕವಿರುವುದಿಲ್ಲ. ಮಂಡಿ ನೋವು, ಕಾಲು ಊತ ಇರುವವರಿಗೆ ದುಬೈ, ದೋಹಾ, ಫ್ರಾಂಕ್‌ಫರ್ಟ್‌ನಂಥ ಕಡೆ ಮೂರು ನಾಲ್ಕು ಗಂಟೆ ಇಳಿದು ಓಡಾಡುವುದೇ ಹಿತ. ವಿಮಾನ ಬದಲಿಸುವುದಾದರೆ ಇಡೀ ಪ್ರಯಾಣಕ್ಕೆ ಒಂದೇ ಟಿಕೆಟ್ ಇರಲಿ, ನಡುವೆ ಎರಡು ಗಂಟೆಗಿಂತ ಕಡಿಮೆ ಸಮಯ ಬೇಡ. ಗಾಲಿಕುರ್ಚಿ ಬೇಕಿದ್ದರೆ ಟಿಕೆಟ್ ಮಾಡಿಸುವಾಗಲೇ ಹೇಳಿ.

ವಿಮಾನದ ಮಾದರಿಯನ್ನೂ ನೋಡಿ. ಬೋಯಿಂಗ್ 787, ಏರ್‌ಬಸ್ ಎ350 ಮಾದರಿಗಳ ಒಳಗಿನ ಗಾಳಿಯ ಒತ್ತಡ ಸುಮಾರು 6,000 ಅಡಿ ಎತ್ತರದಲ್ಲಿರುವಷ್ಟು. ನಮ್ಮ ಮುಳ್ಳಯ್ಯನಗಿರಿಯ ಎತ್ತರ 1,930 ಮೀಟರ್, ಅಂದರೆ 6,300 ಅಡಿಯ ಮೇಲೆ. ಈ ವಿಮಾನಗಳಲ್ಲಿ ನೀವು ಕೂತಿರುವುದು ಆ ಶಿಖರಕ್ಕಿಂತ ತುಸು ಕೆಳಗಿನ ಗಾಳಿಯಲ್ಲಿ. ಹಳೆಯ ಮಾದರಿಗಳಲ್ಲಿ ಇದು 8,000 ಅಡಿಯವರೆಗೂ ಹೋಗುತ್ತದೆ. ಒಳಗಿನ ತೇವಾಂಶವಂತೂ ಬಹುತೇಕ ಶೇ. 20ಕ್ಕಿಂತ ಕಡಿಮೆ. ನೀರು ಕುಡಿಯುತ್ತಿರಿ, ಓಡಾಡುವ ದಾರಿಯ ಪಕ್ಕದ ಸೀಟು ಹಿಡಿಯಿರಿ, ಆಗಾಗ ಎದ್ದು ನಡೆಯಿರಿ. ನಾಲ್ಕು ಗಂಟೆ ಮೀರಿದ ಪ್ರಯಾಣದಲ್ಲಿ ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟುವ ಅಪಾಯ ಸುಮಾರು ಎರಡು ಪಟ್ಟಾಗುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆ 2007ರಲ್ಲಿ ಪ್ರಕಟಿಸಿದ ವರದಿ ಹೇಳಿತು. ಹಾಗಾದರೂ ಅದು ಸುಮಾರು 6,000 ಜನರಲ್ಲಿ ಒಬ್ಬರಿಗೆ ಆಗುವಂಥದ್ದು. ಹೆದರುವುದು ಬೇಡ, ಎದ್ದು ನಡೆಯುವುದನ್ನು ಮರೆಯುವುದೂ ಬೇಡ. ಹಿಂದೆ ಇಂಥ ತೊಂದರೆ ಬಂದವರು, ಈಚೆಗೆ ಆಪರೇಷನ್ ಆದವರು ವೈದ್ಯರನ್ನು ಕೇಳಿಯೇ ಹೊರಡಬೇಕು.

ದಣಿವು ಬೇರೆ, ಜೆಟ್ ಲ್ಯಾಗ್ ಬೇರೆ

ಹೆಚ್ಚಿನವರು ಮೊದಲು ಎಡವುವುದು ಇಲ್ಲಿ. ಇಷ್ಟು ದೂರ ಹಾರಿದ್ದಕ್ಕೆ ಸುಸ್ತು, ಚೆನ್ನಾಗಿ ಮಲಗಿ ಎದ್ದರೆ ಹೋಗುತ್ತದೆ ಎಂದುಕೊಳ್ಳುತ್ತಾರೆ. ಬೇಸಗೆಯಲ್ಲಿ ಜರ್ಮನಿಯ ಫ್ರಾಂಕ್‌ಫರ್ಟ್‌ನಿಂದ ದಕ್ಷಿಣ ಆಫ್ರಿಕದ ಜೊಹಾನ್ಸ್‌ಬರ್ಗ್‌ಗೆ ಹತ್ತು ಗಂಟೆಗೂ ಮೀರಿ ಹಾರಿದವರಿಗೆ ಮೈ ನೋಯುತ್ತದೆ, ಕಣ್ಣು ಉರಿಯುತ್ತದೆ. ಆದರೆ ಎರಡೂ ಊರಲ್ಲಿ ಗಡಿಯಾರ ತೋರಿಸುವುದು ಒಂದೇ ಹೊತ್ತು, ಹಾಗಾಗಿ ಜೆಟ್ ಲ್ಯಾಗ್ ಇಲ್ಲ. ಒಂದು ರಾತ್ರಿ ಮಲಗಿದರೆ ದಣಿವು ಇಳಿಯುತ್ತದೆ. ಜೆಟ್ ಲ್ಯಾಗ್ ಹಾಗಲ್ಲ. ಅದು ಹೊರಗಿನ ಹಗಲು ರಾತ್ರಿಗೂ ಮೈಯೊಳಗಿನ ಗಡಿಯಾರಕ್ಕೂ ಹೊಂದಿಕೆ ತಪ್ಪಿದ ಸ್ಥಿತಿ. ವಿಮಾನ ಪೂರ್ವಕ್ಕೆ ಹಾರಿತೋ, ಪಶ್ಚಿಮಕ್ಕೋ, ಧ್ರುವದ ಮೇಲೋ ಎಂಬುದು ಮೈಗೆ ಗೊತ್ತಾಗುವುದಿಲ್ಲ. ಇಳಿದ ಊರಿನಲ್ಲಿ ಸೂರ್ಯ ಎಷ್ಟು ಹೊತ್ತಿಗೆ ಹುಟ್ಟುತ್ತಾನೆ ಎಂಬುದೊಂದೇ ಅದಕ್ಕೆ ಮುಖ್ಯ.

ಈ ಗಡಿಯಾರ ಇದೆ ಎಂಬ ಮೊದಲ ಸುಳಿವು ಸಿಕ್ಕಿದ್ದು 1729ರಲ್ಲಿ. ಫ್ರಾನ್ಸಿನ ಖಗೋಳಜ್ಞ ಜಾನ್ ಜಾಕ್ ದ ಮೆರಾನ್ ಒಂದು ಗಿಡವನ್ನು ಕತ್ತಲೆಯಲ್ಲಿ ಇಟ್ಟ. ಅದು ಬಹುಶಃ ನಮ್ಮ ರಸ್ತೆ ಬದಿಯ ಮುಟ್ಟಿದರೆ ಮುನಿಯೇ. ಬೆಳಕಿಲ್ಲದಿದ್ದರೂ ಅದರ ಎಲೆಗಳು ಹಗಲಿನ ಹೊತ್ತಿಗೆ ಬಿಚ್ಚಿಕೊಳ್ಳುತ್ತಿದ್ದವು, ರಾತ್ರಿಯ ಹೊತ್ತಿಗೆ ಮುಚ್ಚಿಕೊಳ್ಳುತ್ತಿದ್ದವು. ಕಲ್ಲತ್ತಿಗಿರಿಯ ದಾರಿಯಲ್ಲಿ ಕಾಲಿಗೆ ತಾಗುವ ಈ ಮುಳ್ಳಿನ ಗಿಡದೊಳಗೆ ಒಂದು ಗಡಿಯಾರ ನಡೆಯುತ್ತಿದೆ ಎಂದು ನೆನೆದಾಗಲೆಲ್ಲ ನನಗೆ ಮೈ ಜುಮ್ಮೆನ್ನುತ್ತದೆ.

ನಮ್ಮ ದೇಶದಲ್ಲಿ ಈ ಒಳಗಿನ ಗಡಿಯಾರದ ಶಾಸ್ತ್ರಕ್ಕೆ ಅಡಿಪಾಯ ಹಾಕಿದವರಲ್ಲಿ ಎಂ. ಕೆ. ಚಂದ್ರಶೇಖರನ್ ಪ್ರಮುಖರು. ಮದುರೈನಲ್ಲಿದ್ದಾಗ ಅವರು ಮತ್ತು ಅವರ ಸಂಗಡಿಗರು ಗುಹೆಯ ಕಗ್ಗತ್ತಲಲ್ಲಿ ಇರಿಸಿದ ಬಾವಲಿಗಳನ್ನು ಅಭ್ಯಾಸ ಮಾಡಿದರು. ಹೊರಗಿನ ಬೆಳಕು ಕಾಣದ ಬಾವಲಿಯೂ ತನ್ನ ಗುಂಪು ಸಂಜೆ ಹೊರಗೆ ಹೋಗಿ ಮರಳಿ ಬರುವ ಗದ್ದಲವನ್ನೇ ಗುರುತು ಮಾಡಿಕೊಂಡು ಗಡಿಯಾರ ಸರಿಪಡಿಸಿಕೊಳ್ಳುತ್ತಿತ್ತು. ಅವರು ಮುಂದೆ ಬಂದು ಕೆಲಸ ಮಾಡಿದ್ದು ಬೆಂಗಳೂರಿನ ಜಕ್ಕೂರಿನಲ್ಲಿರುವ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದಲ್ಲಿ. ಬೆಂಗಳೂರಿನಿಂದ ವಿಮಾನ ಹತ್ತಲು ದೇವನಹಳ್ಳಿಗೆ ಹೋಗುವ ಹಲವರು ಜಕ್ಕೂರಿನ ಪಕ್ಕದಲ್ಲೇ ಹಾದು ಹೋಗುತ್ತಾರೆ! ಈ ಗಡಿಯಾರವನ್ನು ನಡೆಸುವ ಜೀನ್‌ಗಳ ಕೆಲಸವನ್ನು ಹಣ್ಣುನೊಣಗಳಲ್ಲಿ ಬಿಡಿಸಿ ತೋರಿಸಿದ ಜೆಫ್ರಿ ಹಾಲ್, ಮೈಕೆಲ್ ರೋಸ್‌ಬ್ಯಾಶ್, ಮೈಕೆಲ್ ಯಂಗ್ ಅವರಿಗೆ 2017ರ ನೊಬೆಲ್ ಬಂತು.

ಮನುಷ್ಯರಲ್ಲಿ ಮುಖ್ಯ ಗಡಿಯಾರ ಇರುವುದು ಮೆದುಳಿನ ತಳಭಾಗದಲ್ಲಿ, ಎರಡೂ ಕಣ್ಣಿನ ನರಗಳು ಒಂದನ್ನೊಂದು ದಾಟುವ ಜಾಗದ ಮೇಲೆ. ಸುಮಾರು 20,000 ನರಕೋಶಗಳ ಪುಟ್ಟ ಗೊಂಚಲು ಅದು. ಹೊರಗಿನ ಬೆಳಕು ಕಾಣದಂತೆ ಮಾಡಿದರೆ ಅದರ ಒಂದು ದಿನ ಸರಾಸರಿ 24.2 ಗಂಟೆಯಷ್ಟು ಇರುತ್ತದೆ. ಅಂದರೆ ದಿನವೂ ಚೂರು ನಿಧಾನ. ಅದಕ್ಕೇ ಹೊತ್ತು ಮೀರಿ ಎಚ್ಚರವಿರುವುದು ಸುಲಭ, ಹೊತ್ತಿಗೆ ಮುಂಚೆ ಮಲಗುವುದು ಕಷ್ಟ. ದಿನದಿನವೂ ಅದನ್ನು ಸರಿಯಾದ ಹೊತ್ತಿಗೆ ತಂದು ನಿಲ್ಲಿಸುವುದು ಬೆಳಕು. ಕಣ್ಣಿನ ಹಿಂಪದರದಲ್ಲಿ ಇದಕ್ಕೆಂದೇ ಬೇರೆ ಕೋಶಗಳಿವೆ ಎಂದು 2002ರಲ್ಲಿ ಖಚಿತವಾಯಿತು. ನೋಟ ಕಳೆದುಕೊಂಡ ಕೆಲವರಲ್ಲೂ ಅವು ಕೆಲಸ ಮಾಡುತ್ತಲೇ ಇರುತ್ತವೆ.

ತಿರುವಿನ ಹೊತ್ತು

ಈಗ ಇಡೀ ಅಧ್ಯಾಯದ ತಿರುಳಿಗೆ ಬಂದೆವು. ಬೆಳಗಿನ ಬಿಸಿಲಿಗೆ ಮೈಯೊಡ್ಡಿ, ಎಲ್ಲ ಸರಿಹೋಗುತ್ತದೆ ಎಂಬ ಸಲಹೆ ಎಲ್ಲ ಕಡೆ ಕೇಳುತ್ತದೆ. ಊರಲ್ಲೇ ಇರುವವರಿಗೆ ಅದು ಸರಿ. ವಿಮಾನ ಇಳಿದವರಿಗೆ ಎಷ್ಟೋ ಸಲ ಅದು ಪೂರ್ತಿ ತಪ್ಪು.

ಕಾರಣ ಇದು. ನಿದ್ದೆಯಲ್ಲಿ ಮೈಯ ಬಿಸಿ ಇಳಿಯುತ್ತಾ ಹೋಗಿ, ಏಳುವುದಕ್ಕೆ ಎರಡು ಮೂರು ಗಂಟೆ ಮೊದಲು ತೀರ ಕೆಳಗೆ ಬರುತ್ತದೆ. ಬೆಳಿಗ್ಗೆ ಐದೂವರೆಗೆ ಏಳುವ ರೂಢಿಯವರಿಗೆ ಅದು ಹೆಚ್ಚುಕಡಿಮೆ ಮೂರು ಗಂಟೆ. ಇದನ್ನು ತಿರುವಿನ ಹೊತ್ತು ಎಂದು ಕರೆಯೋಣ. ಅದಕ್ಕೆ ಮೊದಲಿನ ಕೆಲವು ಗಂಟೆಗಳಲ್ಲಿ ಕಣ್ಣಿಗೆ ಬಿದ್ದ ಬೆಳಕು ಗಡಿಯಾರವನ್ನು ಹಿಂದಕ್ಕೆ ತಳ್ಳುತ್ತದೆ: ಮರುದಿನ ನಿದ್ದೆ ತಡವಾಗಿ ಬರುತ್ತದೆ. ಅದಾದ ಮೇಲಿನ ಕೆಲವು ಗಂಟೆಗಳ ಬೆಳಕು ಗಡಿಯಾರವನ್ನು ಮುಂದಕ್ಕೆ ತಳ್ಳುತ್ತದೆ: ಮರುದಿನ ನಿದ್ದೆ ಬೇಗ ಬರುತ್ತದೆ. ಜೋಕಾಲಿಯನ್ನು ಯಾವ ಗಳಿಗೆಯಲ್ಲಿ ನೂಕಿದಿರಿ ಎಂಬುದರ ಮೇಲೆ ಅದು ಏರುವುದೋ ಅಲ್ಲೇ ತಡೆಯುವುದೋ ನಿರ್ಧಾರವಾಗುತ್ತದಲ್ಲ, ಹಾಗೆ. ಬೆಳಕು ಅದೇ, ಬಿದ್ದ ಹೊತ್ತು ಬೇರೆಯಾದರೆ ಫಲ ತಿರುಗುಮುರುಗು.

ಲಂಡನ್‌ನಲ್ಲಿ ಬೇಸಗೆ ಕಳೆದು ಊರಿಗೆ ಮರಳಿದವರನ್ನು ನೋಡಿ. ಆಗ ಅಲ್ಲಿಗೂ ನಮಗೂ ನಾಲ್ಕೂವರೆ ಗಂಟೆ ಅಂತರ. ಅಲ್ಲಿ ಬೆಳಗಿನ ಮೂರಕ್ಕೆ ಹೊಂದಿಕೊಂಡಿದ್ದ ತಿರುವಿನ ಹೊತ್ತು ಇಲ್ಲಿ ಏಳೂವರೆಗೆ ಬೀಳುತ್ತದೆ. ಬಂದ ಮರುದಿನವೇ ಆರು ಗಂಟೆಗೆದ್ದು ತೋಟ ನೋಡಿಬರಲು ಹೊರಟರೆ, ಎಳೆಬಿಸಿಲು ಬೀಳುವುದು ತಿರುವಿಗೆ ಮೊದಲು. ಗಡಿಯಾರ ಇನ್ನೂ ಹಿಂದಕ್ಕೆ, ಲಂಡನ್ನಿಗೂ ಆಚೆಗೆ ಸರಿಯುತ್ತದೆ! ಅವರು ಮಾಡಬೇಕಾದ್ದು ಇಷ್ಟೆ: ಮೊದಲ ದಿನ ಏಳೂವರೆ ಎಂಟರವರೆಗೆ ಒಳಗೇ ಇದ್ದು, ಆಮೇಲೆ ಹನ್ನೊಂದರವರೆಗೆ ಬಿಸಿಲಿನಲ್ಲಿ ಓಡಾಡುವುದು. ಮರುದಿನದಿಂದ ಹೊರಗೆ ಹೋಗುವ ಹೊತ್ತನ್ನು ದಿನಕ್ಕೆ ಒಂದು ಗಂಟೆಯಷ್ಟು ಮುಂಚೆ ಮಾಡಿಕೊಳ್ಳುವುದು.

ಕ್ಯಾಲಿಫೋರ್ನಿಯಾದ ಲೆಕ್ಕ ಇನ್ನೂ ಸ್ವಾರಸ್ಯದ್ದು. ಬೇಸಗೆಯಲ್ಲಿ ಅಂತರ ಹನ್ನೆರಡೂವರೆ ಗಂಟೆ, ಚಳಿಗಾಲದಲ್ಲಿ ಹದಿಮೂರೂವರೆ. ಹಗಲು ರಾತ್ರಿ ಪೂರ್ತಿ ಅದಲುಬದಲು. ನಮ್ಮ ಬೆಳಗಿನ ಮೂರು ಗಂಟೆ ಅಲ್ಲಿ ಬೇಸಗೆಯಲ್ಲಿ ಹಿಂದಿನ ದಿನದ ಮಧ್ಯಾಹ್ನ ಎರಡೂವರೆ. ಮಧ್ಯಾಹ್ನದ ಬಿಸಿಲು ಸರಿಯಾಗಿ ತಿರುವಿನ ನಡುವಿಗೇ ಬೀಳುತ್ತದೆ. ಇಡೀ ದಿನ ಹೊರಗಿದ್ದವರ ಗಡಿಯಾರವನ್ನು ಬೆಳಕು ಅರ್ಧ ಹೊತ್ತು ಹಿಂದಕ್ಕೆ, ಅರ್ಧ ಹೊತ್ತು ಮುಂದಕ್ಕೆ ಎಳೆದು, ಅದು ಎಲ್ಲೂ ಹೋಗದೆ ನಿಲ್ಲಬಹುದು. ಎರಡು ವಾರವಾದರೂ ರಾತ್ರಿ ಎರಡಕ್ಕೆ ಎಚ್ಚರವಾಗುತ್ತದೆ ಎಂಬ ದೂರಿನ ಹಿಂದೆ ಎಷ್ಟೋ ಸಲ ಈ ಎಳೆದಾಟವೇ ಇರುತ್ತದೆ.

ಉಪಾಯ ಒಂದೇ: ದಿಕ್ಕು ಆರಿಸಿಕೊಂಡು ಅದಕ್ಕೇ ಅಂಟಿಕೊಳ್ಳುವುದು. ಹಿಂದಕ್ಕೆ ಸರಿಯುವುದು ನಮ್ಮ ನಿಧಾನದ ಗಡಿಯಾರಕ್ಕೆ ಸಲೀಸು, ದಿನಕ್ಕೆ ಸುಮಾರು ಒಂದೂವರೆ ಗಂಟೆ. ಮುಂದಕ್ಕಾದರೆ ಸುಮಾರು ಒಂದು ಗಂಟೆ. ಆದ್ದರಿಂದ ಮೊದಲ ದಿನ ಬೆಳಗಿನಿಂದ ಎರಡರವರೆಗೆ ಅಂಗಳದಲ್ಲೋ ಪಾರ್ಕಿನಲ್ಲೋ ಇರಿ. ಆಮೇಲೆ ಮನೆಯೊಳಗೆ ಪರದೆ ಎಳೆದುಕೊಂಡಿರಿ, ಹೊರಗೆ ಹೋಗಲೇಬೇಕಾದರೆ ಕಪ್ಪು ಕನ್ನಡಕ ಹಾಕಿ. ಮರುದಿನ ಮೂರೂವರೆಯವರೆಗೆ ಹೊರಗಿರಿ, ಅದರ ಮರುದಿನ ಐದರವರೆಗೆ. ಹೀಗೆ ನಡೆದರೆ ಎಂಟು ಒಂಬತ್ತು ದಿನಗಳಲ್ಲಿ ರಾತ್ರಿ ನಿದ್ದೆ ಬಹುತೇಕ ಕೂಡಿಬರುತ್ತದೆ. ಊರಿಗೆ ಮರಳಿದಾಗಲೂ ತಿರುವು ಬೀಳುವುದು ಮಧ್ಯಾಹ್ನ ಮೂರೂವರೆಯ ಸುಮಾರಿಗೆ. ಅಲ್ಲಿಯವರೆಗೆ ಬಿಸಿಲು, ಆಮೇಲೆ ನೆರಳು. ನಿಮ್ಮ ಏಳುವ ಹೊತ್ತು ಬೇರೆಯಾದರೆ ಲೆಕ್ಕವನ್ನು ಅಷ್ಟೇ ಸರಿಸಿಕೊಳ್ಳಿ.

ಮನೆಯೊಳಗಿನ ದೀಪ ಈ ಕೆಲಸಕ್ಕೆ ಸಾಲದು. ಅದರ ಬೆಳಕು ಕೆಲವು ನೂರು ಲಕ್ಸ್ ಮಾತ್ರ. ಮೋಡ ಕವಿದ ಹಗಲಲ್ಲೂ ಹೊರಗೆ ಸಾವಿರಾರು ಲಕ್ಸ್ ಇರುತ್ತದೆ, ಬಿಸಿಲಿದ್ದರೆ ಲಕ್ಷದ ಹತ್ತಿರ.

ಊಟ, ಕಾಫಿ, ಗುಳಿಗೆ

ಯಕೃತ್ತಿಗೂ ಕರುಳಿಗೂ ತಮ್ಮದೇ ಗಡಿಯಾರಗಳಿವೆ, ಅವು ಊಟದ ಹೊತ್ತನ್ನು ನೋಡಿ ನಡೆಯುತ್ತವೆ. ಇಳಿದ ದಿನದಿಂದಲೇ ಆ ಊರಿನ ಹೊತ್ತಿಗೆ ಉಣ್ಣಿ. ರಾತ್ರಿ ಎಚ್ಚರವಾಗಿ ಹಸಿದರೆ ಒಂದು ಬಾಳೆಹಣ್ಣು ಸಾಕು, ಅನ್ನಕ್ಕೆ ಕೂರಬೇಡಿ. ಕಾಫಿಯ ಕೆಫೀನ್ ಅರ್ಧ ಕರಗಲು ಸುಮಾರು ಐದು ಗಂಟೆ ಬೇಕು. ಮಧ್ಯಾಹ್ನ ಕಳೆದ ಮೇಲೆ ಬೇಡ, ಕಾಫಿ ಸೀಮೆಯವರಿಗೆ ಎಷ್ಟೇ ಕಷ್ಟವಾದರೂ. ಮೆಲಟೋನಿನ್ ಮೈಯೇ ರಾತ್ರಿ ಸ್ರವಿಸುವ ಹಾರ್ಮೋನು. ಮಲಗುವ ಹೊತ್ತಿಗೆ ಸಣ್ಣ ಪ್ರಮಾಣದಲ್ಲಿ ತೆಗೆದುಕೊಂಡರೆ ಹಲವರಿಗೆ ನೆರವಾಗುತ್ತದೆ, ಆದರೆ ಬೇರೆ ಔಷಧ ನುಂಗುವವರು ವೈದ್ಯರ ಮಾತಿಲ್ಲದೆ ಮುಟ್ಟಬಾರದು. ಇನ್ಸುಲಿನ್ ಚುಚ್ಚಿಕೊಳ್ಳುವವರು ಹೊತ್ತಿನ ಬದಲಾವಣೆಯನ್ನು ಹೊರಡುವ ಮುಂಚೆಯೇ ವೈದ್ಯರಿಂದ ಬರೆಸಿಕೊಂಡು, ಔಷಧವನ್ನು ಕೈಚೀಲದಲ್ಲೇ ಇಟ್ಟುಕೊಳ್ಳಲಿ.

ಇನ್ನೊಂದು ಮಾತನ್ನು ಒತ್ತಿ ಹೇಳಬೇಕು. ದೇವನಹಳ್ಳಿಯಲ್ಲಿ ಇಳಿದವರು ತಾವೇ ಕಾರು ನಡೆಸಿಕೊಂಡು ತರೀಕೆರೆ ಕಡೆ ಹೊರಡಬಾರದು. ಹೊರಗೆ ಹಗಲಿದ್ದರೂ ಅವರ ಮೈಯೊಳಗೆ ನಡುರಾತ್ರಿ. ಕಣ್ಣು ತೆರೆದಿದ್ದಂತೆಯೇ ತೂಕಡಿಕೆ ಬಂದುಬಿಡುತ್ತದೆ. ಸ್ಟೀರಿಂಗ್ ಬೇರೆಯವರ ಕೈಯಲ್ಲಿರಲಿ.

ಕಲಿಯುವುದು ಇನ್ನೂ ಇದೆ

ಒಟ್ಟಿನಲ್ಲಿ ನೆನಪಿಡಬೇಕಾದ್ದು ಮೂರು. ವಿಮಾನವನ್ನು ನಿಮ್ಮ ಕಾಲು, ಭಾಷೆ, ಆರೋಗ್ಯ ನೋಡಿ ಆರಿಸಿ. ದಣಿವನ್ನು ಜೆಟ್ ಲ್ಯಾಗ್ ಜೊತೆ ಬೆರೆಸಬೇಡಿ. ತಿರುವಿನ ಹೊತ್ತು ಲೆಕ್ಕ ಹಾಕಿ, ಬೆಳಕು ಯಾವಾಗ ಬೇಕು, ಯಾವಾಗ ಬೇಡ ಎಂದು ಹೊರಡುವ ಮೊದಲೇ ಚೀಟಿಯಲ್ಲಿ ಬರೆದುಕೊಳ್ಳಿ.

ಈ ಅರಿವು ವಿಮಾನ ಹತ್ತುವವರಿಗೆ ಮಾತ್ರವಲ್ಲ. ರಾತ್ರಿ ಪಾಳಿಯ ನರ್ಸ್, ಬಸ್ ಚಾಲಕ, ಕರೆಂಟು ಬಂದಾಗ ನಡುರಾತ್ರಿ ತೋಟಕ್ಕೆ ನೀರು ಬಿಡಲು ಏಳುವ ರೈತ, ಇವರ ಒಳಗಿನ ಗಡಿಯಾರವೂ ದಿನವೂ ಏಟು ತಿನ್ನುತ್ತಿದೆ. ಕನ್ನಡದಲ್ಲಿ ಈ ವಿಷಯ ಬರೆಯುವವರೂ ಓದುವವರೂ ಹೆಚ್ಚಬೇಕು. ನಮ್ಮ ಸೀಮೆಯ ಶಾಲೆಗಳ ಮೇಷ್ಟ್ರುಗಳಲ್ಲಿ, ಮೇಡಂಗಳಲ್ಲಿ ನನ್ನ ಬೇಡಿಕೆ ಇದು: ಮಕ್ಕಳಿಂದ ಒಂದು ಮುಟ್ಟಿದರೆ ಮುನಿ ಗಿಡವನ್ನು ಕುಂಡಕ್ಕೆ ಹಾಕಿಸಿ, ಎರಡು ದಿನ ಕತ್ತಲೆ ಕೋಣೆಯಲ್ಲಿ ಇಡಿಸಿ, ಎಲೆ ಬಿಚ್ಚಿದ, ಮುಚ್ಚಿದ ಹೊತ್ತನ್ನು ಬರೆಸಿ. ಖರ್ಚಿಲ್ಲದ ಪ್ರಯೋಗ ಇದು. ಇದನ್ನು ಕಣ್ಣಾರೆ ಕಂಡ ಮಕ್ಕಳಲ್ಲಿ ಒಬ್ಬರಾದರೂ ಮುಂದೆ ಈ ಶಾಸ್ತ್ರವನ್ನೇ ಓದಲಿ.