ಒಂದೇ ಅಡುಗೆಮನೆ, ನಾಲ್ಕು ಎಲೆ

ವಿಂಡೋಸ್ 10ಕ್ಕಿದ್ದ ಮಾಮೂಲಿ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದದ್ದು ನಿಮಗೆಲ್ಲ ಗೊತ್ತೇ ಇದೆ. ವಿಂಡೋಸ್ 11 ಬೇಕೆಂದರೆ ಟಿಪಿಎಂ 2.0 ಎಂಬ ಭದ್ರತಾ ಚಿಪ್ ಇರಬೇಕು. ಇಂಟೆಲ್ ಆದರೆ ಹೆಚ್ಚುಕಮ್ಮಿ ಎಂಟನೇ ತಲೆಮಾರಿನ ಪ್ರೊಸೆಸರ್ ಆಗಬೇಕು. ನಮ್ಮನೆಯ ಕ್ಲೋಸೆಟ್‌ನಲ್ಲಿ ಇದ್ಯಾವುದೂ ಇಲ್ಲದ ಮೂರು ಲ್ಯಾಪ್‌ಟಾಪ್‌ಗಳಿದ್ದವು. ಪರದೆ, ಕೀಲಿಮಣೆ ಎಲ್ಲ ಗಟ್ಟಿಮುಟ್ಟು, ಮೆಮೊರಿ ಮಾತ್ರ 4 ಜಿಬಿ. ಬ್ರೌಸರ್ ಒತ್ತಿ, ಡಿಕಾಕ್ಷನ್ ಇಳಿಸಿ, ಕಾಫಿ ಬೆರೆಸಿಕೊಂಡು ಬಂದರೆ ಸರಿಹೋಗುತ್ತಿತ್ತು! ಭಾನುವಾರ ನಮ್ಮಲ್ಲಿ ಕನ್ನಡ ಕಲಿಯಲು ಬರುವ ಮಕ್ಕಳಿಗೆ ಟೈಪಿಂಗ್ ಹೇಳಿಕೊಡಬೇಕು. ಊರಿಂದ ಅಪ್ಪ ಬಂದಾಗ ಬ್ಯಾಂಕ್ ಖಾತೆ ನೋಡುವುದೂ ಇವುಗಳಲ್ಲೇ. ಭದ್ರತಾ ಅಪ್‌ಡೇಟ್ ನಿಂತ ಯಂತ್ರದಲ್ಲಿ ಇದೆಲ್ಲ ಬೇಡ ಅನ್ನಿಸಿತು.

ಇತ್ತ ಬೇಸ್‌ಮೆಂಟ್‌ನಲ್ಲಿ ನನ್ನ 8 ಕೋರ್, 32 ಜಿಬಿ ಡೆಸ್ಕ್‌ಟಾಪ್ ದಿನದ ಬಹುಪಾಲು ಆಕಳಿಸುತ್ತಾ ಕೂತಿರುತ್ತದೆ. ಅಡುಗೆಯೆಲ್ಲ ಅಲ್ಲೇ ಆಗಲಿ, ಹಳೆಯವು ಎಲೆ ಹಾಕಿಕೊಂಡು ಕೂತರೆ ಸಾಕು ಎಂದುಕೊಂಡೆ.

ಉಪಾಯವೇನೂ ಹೊಸತಲ್ಲ. ಶಾಲೆಗಳ ಹಳೆ ಪಿಸಿಗಳನ್ನು ಹೀಗೆ ದುಡಿಸಲೆಂದೇ ಬಳಕೆಯಾದ ಲಿನಕ್ಸ್ ಟರ್ಮಿನಲ್ ಸರ್ವರ್ ಪ್ರಾಜೆಕ್ಟ್ 1999ರಷ್ಟು ಹಳೆಯದು. ನಾನು ಇನ್ನೂ ಸುಲಭದ ದಾರಿ ಹಿಡಿದೆ. ಡೆಸ್ಕ್‌ಟಾಪ್‌ನಲ್ಲಿ ಲಿನಕ್ಸ್, ಅದರ ಮೇಲೆ ಎಕ್ಸ್‌ಆರ್‌ಡಿಪಿ; ಲ್ಯಾಪ್‌ಟಾಪ್‌ಗಳಲ್ಲಿ ಹಗುರವಾದ ಲಿನಕ್ಸ್, ರೆಮಿನಾ. ಎಲ್ಲವೂ ಪುಕ್ಕಟೆ. (ವಿಂಡೋಸ್ 11 ಪ್ರೋ ಕೂಡ ದೂರದಿಂದ ತೆರೆಯುತ್ತದೆ, ಆದರೆ ಒಂದು ಸಲಕ್ಕೆ ಒಬ್ಬರಿಗೇ.) ಲ್ಯಾಪ್‌ಟಾಪ್ ಕಳಿಸುವುದು ಕೀಲಿ ಮತ್ತು ಮೌಸ್‌ನ ಒತ್ತುಗಳನ್ನು, ಪಡೆಯುವುದು ಪರದೆಯ ಚಿತ್ರವನ್ನು, ಅಷ್ಟೇ. ಬ್ರೌಸರ್ ಓಡುವುದು ಬೇಸ್‌ಮೆಂಟ್‌ನಲ್ಲಿ.

ನನಗೆ ಬಹಳ ಖುಷಿ ಕೊಟ್ಟದ್ದು ಕನ್ನಡ. ಮೊದಲು ಒಂದೊಂದು ಲ್ಯಾಪ್‌ಟಾಪ್‌ನಲ್ಲಿ ಒತ್ತಕ್ಷರ ಒಂದೊಂದು ಅವತಾರದಲ್ಲಿ ಕಾಣುತ್ತಿತ್ತು. ಈಗ ಫಾಂಟ್, ಕೀಲಿಮಣೆ ವಿನ್ಯಾಸ ಒಂದು ಕಡೆ ಹಾಕಿದರೆ ಮೂರಕ್ಕೂ ಬಂತು. ಪ್ರತಿ ಮಗುವಿಗೂ ಬೇರೆ ಖಾತೆ. ಹೋದ ವಾರ ಬರೆದ ಕಥೆ ಯಾವ ಲ್ಯಾಪ್‌ಟಾಪ್‌ನಲ್ಲಿ ಕೂತರೂ ಸಿಗುತ್ತದೆ. "ಅಂಕಲ್, ನನ್ನ ಕಥೆ ಎಲ್ಲಿ ಹೋಯ್ತು?" ಎಂಬ ಅಳು ನಿಂತಿದೆ.

ಆಗದ ಕೆಲಸವೂ ಇದೆ. ವಿಡಿಯೋ! 1920x1080 ಪರದೆ, 24 ಬಿಟ್ ಬಣ್ಣ, ಸೆಕೆಂಡಿಗೆ 30 ಚಿತ್ರ ಅಂದರೆ ಸುಮಾರು 1.5 ಗಿಗಾಬಿಟ್, ಮನೆಯ ತಂತಿ ಹೊರುವುದು ಒಂದು ಗಿಗಾಬಿಟ್. ಆದ್ದರಿಂದ ಚಿತ್ರವನ್ನು ಕುಗ್ಗಿಸಿಯೇ ಕಳಿಸಬೇಕು. ಅಕ್ಷರಕ್ಕೆ ಅದು ಧಾರಾಳ ಸಾಕು, ಅಮ್ಮನ ಧಾರಾವಾಹಿಗೆ ಸಾಲದು. ಅದಕ್ಕೆ ಟ್ಯಾಬ್ಲೆಟ್ಟೇ ಸರಿ. ಆಮೇಲೆ, ಡೆಸ್ಕ್‌ಟಾಪ್ ಮಲಗಿದರೆ ಮನೆಯೆಲ್ಲ ಉಪವಾಸ.

ಮಾಡುವವರು ಸಾಧ್ಯವಾದಷ್ಟೂ ತಂತಿಯನ್ನೇ ಬಳಸಿ, ವೈಫೈ ತಡವರಿಸುತ್ತದೆ. ರೂಟರ್‌ನಲ್ಲಿ 3389ನೇ ಪೋರ್ಟನ್ನು ಹೊರಜಗತ್ತಿಗೆ ಖಂಡಿತ ತೆರೆಯಬೇಡಿ; ಇದು ಮನೆಯೊಳಗಿನ ಊಟ. ಲ್ಯಾಪ್‌ಟಾಪ್‌ನಲ್ಲಿರುವ ಫೋಟೋಗಳನ್ನು ಲಿನಕ್ಸ್ ಹಾಕುವ ಮೊದಲೇ ಬೇರೆ ಡಿಸ್ಕಿಗೆ ತೆಗೆದಿಡಿ. ಹಳೆಯದನ್ನು ಎಸೆಯುವ ಯೋಚನೆಯಲ್ಲಿದ್ದರೆ ನಮ್ಮ ಭಾನುವಾರದ ತರಗತಿಗೆ ತನ್ನಿ. ಇನ್ನೂ ಇಬ್ಬರು ಮಕ್ಕಳು ಒಂದೇ ಕೀಲಿಮಣೆಗೆ ಜಗಳವಾಡುತ್ತಿದ್ದಾರೆ.