ಮೊಬೈಲ್‌ನಲ್ಲೇ ಮಾತಿನ ತರಬೇತಿ: ಹೇಗೆ, ಎಲ್ಲಿ, ಎಷ್ಟು ಖರ್ಚು?

ಮಗುವಿಗೆ ಎರಡು ವರ್ಷ ತುಂಬಿದರೂ ‘ಅಮ್ಮ ಬಾ’ ಎಂದು ಎರಡು ಪದ ಕೂಡಿಸುತ್ತಿಲ್ಲವೇ? ‘ತಡವಾಗಿ ಬರುತ್ತೆ ಬಿಡಿ’ ಎಂಬ ಮಾತು ನಂಬಿ ಕೂರಬೇಡಿ. ಸ್ಪೀಚ್ ಥೆರಪಿಸ್ಟ್, ಅಂದರೆ ವಾಕ್ ಚಿಕಿತ್ಸಕರಿಗೆ ತೋರಿಸಿ. ಉಗ್ಗುವವರಿಗೂ, ಪಾರ್ಶ್ವವಾಯುವಿನಿಂದ ಮಾತು ಕಳೆದುಕೊಂಡ ಹಿರಿಯರಿಗೂ ನೆರವಾಗುವವರು ಇವರೇ.

ಚಿತ್ರದುರ್ಗ ಜಿಲ್ಲೆಯ ಹೊಸದುರ್ಗ, ಹೊಳಲ್ಕೆರೆಯಿಂದ ವಾರವಾರವೂ ಮೈಸೂರಿನ ವಾಕ್ ಶ್ರವಣ ಸಂಸ್ಥೆಗೆ ಹೋಗಿಬರುವುದು ಹೇಗೆ? ಅದಕ್ಕೇ ಟೆಲಿ-ಥೆರಪಿ ಇದೆ. ವಿಡಿಯೊ ಕರೆಯಲ್ಲೇ ಚಿಕಿತ್ಸಕರು ತರಬೇತಿ ಕೊಡುತ್ತಾರೆ.

ಮೊದಲು ಕಿವಿ ಪರೀಕ್ಷೆ. ಕೇಳಿಸದ ಮಗುವಿಗೆ ಮಾತು ಬರುವುದು ಕಷ್ಟ. ಈ ಪರೀಕ್ಷೆ ಮೊಬೈಲ್‌ನಲ್ಲಿ ಆಗದು. ಚಿತ್ರದುರ್ಗದ ಜಿಲ್ಲಾ ಆಸ್ಪತ್ರೆಯಲ್ಲಿ ವಿಚಾರಿಸಿ. ನುಂಗಲು ತೊಂದರೆ ಇರುವವರನ್ನೂ ಎದುರಿಗೇ ತೋರಿಸಬೇಕು.

ಕರೆಯ ಹೊತ್ತಿಗೆ ಟಿವಿ, ಮಿಕ್ಸಿ ನಿಲ್ಲಿಸಿ. ಬೆಳಕು ಮಗುವಿನ ಮುಖಕ್ಕೆ ಬೀಳಲಿ. ಮೊಬೈಲನ್ನು ಡಬ್ಬಿಗೆ ಒರಗಿಸಿಡಿ, ಕೈಯಲ್ಲಿ ಹಿಡಿಯಬೇಡಿ. ಮಗು ಪರದೆ ಮುಂದೆ ಕೂರದಿದ್ದರೆ? ಚಿಂತೆಯಿಲ್ಲ. ಚಿಕಿತ್ಸಕರು ಹೇಳಿಕೊಡುವುದು ಬಹುಪಾಲು ನಿಮಗೇ. ಉದಾಹರಣೆಗೆ, ಚೆಂಡನ್ನು ನಿಮ್ಮ ಬಾಯಿಯ ಹತ್ತಿರ ಹಿಡಿದು ‘ಚೆಂಡು’ ಎನ್ನಿ. ಐದು ಎಣಿಸುವಷ್ಟು ಹೊತ್ತು ಸುಮ್ಮನಿರಿ. ಮಗು ‘ಚೆ’ ಎಂದರೂ ಸಾಕು, ಚೆಂಡು ಕೊಟ್ಟುಬಿಡಿ. ಊಟ, ಸ್ನಾನದ ವೇಳೆಯಲ್ಲೂ ಹೀಗೇ ಮಾಡಿಸಿ.

ಖರ್ಚು? ಇಂಟರ್ನೆಟ್ ಡೇಟಾ ಹೇಗೂ ಬೇಕು. ಖಾಸಗಿಯವರ ಶುಲ್ಕ ಒಬ್ಬೊಬ್ಬರದು ಒಂದೊಂದು; ಮೊದಲೇ ಕೇಳಿಕೊಳ್ಳಿ. ಅವರಿಗೆ ಭಾರತೀಯ ಪುನರ್ವಸತಿ ಪರಿಷತ್ತಿನ ನೋಂದಣಿ ಇದೆಯೇ ಎಂದೂ ನೋಡಿ. ಆಟಿಸಂ, ಸೆರೆಬ್ರಲ್ ಪಾಲ್ಸಿ, ಬೌದ್ಧಿಕ ಅಥವಾ ಬಹುವಿಧ ಅಂಗವೈಕಲ್ಯ ಇರುವವರಿಗೆ ನ್ಯಾಷನಲ್ ಟ್ರಸ್ಟ್‌ನ ‘ನಿರಾಮಯ’ ವಿಮೆ ಇದೆ. ಇದರ ಮಿತಿ 1 ಲಕ್ಷ ರೂಪಾಯಿ. ಥೆರಪಿಯೂ ಇದರಡಿ ಬರುತ್ತದೆ.

ಎಲ್ಲಿ ಸಿಗುತ್ತದೆ? ಮೈಸೂರಿನ ಮಾನಸಗಂಗೋತ್ರಿಯಲ್ಲಿ ಕೇಂದ್ರ ಸರ್ಕಾರದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ 1960ರ ದಶಕದಿಂದ ಇದೆ. ಜನ ‘ಐಷ್’ ಎನ್ನುವುದು ಇದನ್ನೇ. ಕನ್ನಡದಲ್ಲೇ ಮಾತಾಡಬಹುದು, ದೂರದವರಿಗೆ ಟೆಲಿ-ಥೆರಪಿಯೂ ಉಂಟು. ಊರಲ್ಲೇ ಶುರುಮಾಡುವುದಾದರೆ ಅಂಗನವಾಡಿ ಕಾರ್ಯಕರ್ತೆಯನ್ನು ಕೇಳಿ. 2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ವೈದ್ಯ ತಂಡ ಅಂಗನವಾಡಿ, ಶಾಲೆಗಳಿಗೆ ಬಂದು 18 ವರ್ಷದವರೆಗಿನ ಮಕ್ಕಳನ್ನು ಉಚಿತವಾಗಿ ತಪಾಸಣೆ ಮಾಡುತ್ತದೆ. ಹಿರಿಯೂರು ತಾಲ್ಲೂಕಿನ ಹಳ್ಳಿಯವರಿಗೂ ಇದೇ ದಾರಿ.

ಪ್ರತಿ ಕರೆ ಮುಗಿಯುವಾಗ ಒಂದು ಪ್ರಶ್ನೆ ಕೇಳಿ: ‘ಮುಂದಿನ ಕರೆವರೆಗೆ ಮನೆಯಲ್ಲಿ ನಾವೇನು ಮಾಡಿಸಬೇಕು?’ ಉತ್ತರ ಸ್ಪಷ್ಟವಾಗಿ ಸಿಗದಿದ್ದರೆ ಬೇರೆ ಚಿಕಿತ್ಸಕರನ್ನು ನೋಡಿ.